ಕೂತು ಪಡೆಯಬೇಕಾದ ನಮಸ್ಕಾರ

ಅಡಿಲೇಡ್
ಮಂಗಳವಾರ

ಮುದ್ದು ಸ್ಪಂದನಾ,

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡ ಓದುವುದು ಕಷ್ಟವಾದರೆ ಜೋರಾಗಿ ಓದಿಕೋ, ಕಿವಿಗೆ ಅರ್ಥವಾಗುತ್ತದೆ.

ಬ್ರಿಸ್ಬೇನಿನ ಫಾರೆಸ್ಟ್ ಲೇಕ್‌ನ ಜುನ್ ಮನೆಯಲ್ಲಿ ನಿಮ್ಮ ನಿಶ್ಚಿತಾರ್ಥದ ದಿನ ಅವನು ತಮ್ಮ ಚೀನೀ ಪದ್ಧತಿಯಂತೆ ಟೀ ಕೊಟ್ಟು, ಅಪ್ಪನೆದುರು ಮಂಡಿಯೂರಿ ಬಗ್ಗಿದ. ಹಣೆ ನೆಲ ಮುಟ್ಟುವ ಮೊದಲೇ ಅಪ್ಪ ಎದ್ದು, "ಅಯ್ಯೋ ಬೇಡಪ್ಪ, ಏಳು ಏಳು" ಎಂದು ಭುಜ ಹಿಡಿದು ಎಬ್ಬಿಸಿಬಿಟ್ಟರು. ನಮ್ಮಲ್ಲಿ ಅದು ಪ್ರೀತಿ. ಜುನ್‌ನ ಅಜ್ಜಿ ಮಾತ್ರ ಬಟ್ಟಲು ಕೆಳಗಿಟ್ಟು ಒಳಗೆ ಹೋದರು. ಏರ್‌ಪೋರ್ಟಿನ ದಾರಿಯಲ್ಲಿ ನೀನು, "ಅಪ್ಪಾ, ಯು ಜಸ್ಟ್ ಸೆಡ್ ನೋ ಟು ಹಿಮ್" ಎಂದೆ. ಅವನನ್ನು ಸಾಕಿ ಬೆಳೆಸಿದ ಅಜ್ಜಿ ಈಗ ಮದುವೆಗೇ ಬರುವುದಿಲ್ಲ ಎನ್ನುತ್ತಿದ್ದಾರಂತೆ.

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ, ಹಾಗೆ ಹಣೆ ನೆಲಕ್ಕೆ ಮುಟ್ಟಿಸುವ ಕೌಟೌ ಎಂದರೆ ಬಲಿಷ್ಠರನ್ನು ಓಲೈಸುವುದು, ಅಷ್ಟೇ. ಈ ವಾರ ಕೂತು ಓದಿದೆ. ಚೀನಾದ ಚಕ್ರವರ್ತಿಯೆದುರು ಮೂರು ಸಲ ಮಂಡಿಯೂರಿ, ಪ್ರತಿ ಸಲವೂ ಮೂರು ಬಾರಿ ಹಣೆ ನೆಲಕ್ಕೆ ಮುಟ್ಟಿಸಬೇಕಿತ್ತು. ಬ್ರಿಟಿಷ್ ರಾಯಭಾರಿಯೊಬ್ಬ ಒಲ್ಲೆ ಎಂದ. ನಾನು ಕಲಿತ ಅರ್ಥದಲ್ಲಿದ್ದದ್ದು ಅಂಥವರ ಮುನಿಸೇ ಇರಬೇಕು. ಚಕ್ರವರ್ತಿಗಳು ಹೋಗಿ ನೂರು ವರ್ಷ ದಾಟಿತು. ಹೆತ್ತವರಿಗೆ, ತೀರಿಹೋದ ಹಿರಿಯರಿಗೆ ಮಾಡುವ ನಮಸ್ಕಾರ ಮಾತ್ರ ಎಷ್ಟೋ ಮನೆಗಳಲ್ಲಿ ಉಳಿಯಿತು. ಜುನ್‌ನ ಅಮ್ಮನಿಗೂ ಫೋನ್ ಮಾಡಿದೆ. ಅವನು ನಿಮ್ಮ ಮಗನಾಗುತ್ತೇನೆಂದು ಬಗ್ಗಿದ, ನೀವು ಕೂತು ಸ್ವೀಕರಿಸಿದರೆ ತಾನೇ ಆಗುವುದು ಎಂದರು.

ಅಪ್ಪ ಎಬ್ಬಿಸಿದ್ದು ಬರೀ ಪ್ರೀತಿಯಿಂದಲೇ? ಯಾರಾದರೂ ಕಾಲಿಗೆ ಬಿದ್ದರೆ ನನಗೂ ಮುಜುಗರ. ಇಷ್ಟಕ್ಕೆಲ್ಲ ನಾನು ಯೋಗ್ಯಳೇ ಎನಿಸುತ್ತದೆ. ಆ ಮುಜುಗರ ಬೇಗ ಮುಗಿಯಲೆಂದೇ ಎಬ್ಬಿಸುತ್ತೇವೇನೋ, ಗೊತ್ತಿಲ್ಲ.

ನಿನ್ನೆ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಊಟದ ಕುರ್ಚಿ ಎಳೆದು ಕೂತು, "ಸುಲೂ, ನೀನೊಂದ್ಸಲ ಬಗ್ಗು ನೋಡೋಣ, ಕೂತಿರಕ್ಕಾಗತ್ತಾ ಅಂತ" ಎಂದರು.

"ಆಸೆ ನೋಡಿ" ಎಂದೆ.

ನಕ್ಕರು. ಕೈ ಮಾತ್ರ ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದೇ ಇತ್ತು.

ಶನಿವಾರ ಬ್ರಿಸ್ಬೇನಿಗೆ ಬರುತ್ತಿದ್ದೇವೆ. ಇನ್ನೊಮ್ಮೆ ಟೀಗೆ ಕೂರಲು ಅಜ್ಜಿಯನ್ನು ಜುನ್‌ನ ಅಮ್ಮ ಒಪ್ಪಿಸಿದ್ದಾರೆ. ಈ ಸಲ ಅಪ್ಪ ಕದಲುವುದಿಲ್ಲ. ಆದರೆ ಅದಕ್ಕೆ ಮೊದಲು ತಾವೇ ಅಜ್ಜಿಗೆ ನಮಸ್ಕಾರ ಮಾಡುತ್ತಾರಂತೆ, ಅವರ ಕ್ರಮದಲ್ಲೇ, ಹಣೆ ನೆಲಕ್ಕೆ ತಾಗಿಸಿ. "ನಮ್ಮಮ್ಮನ ವಯಸ್ಸು ಕಣೇ ಅವರದ್ದು" ಎಂದರು. ಅರ್ಧದಲ್ಲಿ ಯಾರೂ ತಡೆಯದಂತೆ ನೋಡಿಕೋ. ಅವರ ಮಂಡಿ ನೋವು ನಿನಗೆ ಗೊತ್ತಲ್ಲ. ಮುಗಿಸಿ ಏಳುವಾಗ ಜುನ್ ಕೈ ಕೊಡಲಿ.

ನಿಮ್ಮಿಬ್ಬರ ತಲೆಯ ಮೇಲೂ ನಮ್ಮ ಕೈ ಸದಾ ಇದೆ, ಮಗಳೇ.

ನಿನ್ನ ಫೋನಿನ ದಾರಿ ನೋಡುವ,
ಅಮ್ಮ