ಚಟ್ನಿಪುಡಿಯೊಳಗಿನ ಮಾತ್ರೆ

ಹಳೇ ನಗರ, ಭದ್ರಾವತಿ
೫-೬-೧೯೯೬

ಜ್ಞಾನೇಶಣ್ಣನಿಗೆ ಜಗದಾಂಬಾ ಮಾಡುವ ನಮಸ್ಕಾರ.

ನಿನ್ನ ಮೆಡಿಕಲ್ ಶಾಪಿನಿಂದ ಚಟ್ನಿಪುಡಿಯೊಳಗೆ ಬಚ್ಚಿಟ್ಟು ಕಳಿಸಿದ ಉಬ್ಬಸದ ಮಾತ್ರೆ ತಲುಪಿತು. ಮದುವೆಗೆ ಮುಂಚೆ ನೀವೆಲ್ಲ ಮುಚ್ಚಿಟ್ಟ ಕಾಯಿಲೆ ಈ ಮನೆಯವರಿಗಿನ್ನೂ ಗೊತ್ತಿಲ್ಲ.

ಬಿ.ಎಸ್ಸಿ.ಯಲ್ಲಿ ಓದಿದ್ದು ನೆನಪಿದೆ: ಈ ಮಾತ್ರೆಯಲ್ಲಿರುವ ಎಫೆಡ್ರಿನ್, ನಮ್ಮ ಮೈಯೊಳಗಿನ ಅಡ್ರಿನಲಿನ್‌ಗೆ ರಚನೆಯಲ್ಲಿ ದಾಯಾದಿ. ಕಟ್ಟಿದ ಉಸಿರು ಬಿಡಿಸುತ್ತದೆ, ಆದರೆ ಎದೆ ಡವಗುಟ್ಟಿಸಿ ನಿದ್ದೆ ಕೆಡಿಸುತ್ತದೆ. ಈಗೀಗ ಉಬ್ಬಸ ಒಂದು ಮಾತ್ರೆಗೆ ಬಗ್ಗುವುದಿಲ್ಲವೆಂದು ಎರಡು ನುಂಗುತ್ತೇನೆ. ಅದರಿಂದ ನಡುಗುವ ಕೈ ನೋಡಿದ ಅತ್ತೆ, "ಇವ್ಳಿಗೆ ಗಾಳಿ ಸೋಕೈತೆ ಕಣೋ" ಎಂದು ಮಗನಿಗೆ ಹೇಳಿದರು.

ಅಮಾವಾಸ್ಯೆಗೆ ಮಂತ್ರವಾದಿ ಬರುತ್ತಾನೆ. ಬಾಗಿಲು ಹಾಕಿ, ನನ್ನ ಮುಖಕ್ಕೆ ಒಣಮೆಣಸಿನಕಾಯಿ ಹೊಗೆ ಹಿಡಿಯುತ್ತಾನಂತೆ.

ನನಗೆ ಬರುವ ಕಾಗದವನ್ನು ಅತ್ತೆಯೇ ಒಡೆಯುತ್ತಾರೆ, ಉತ್ತರ ಬರೆಯಬೇಡ. ಅಮಾವಾಸ್ಯೆಯೊಳಗೆ ನೀನೇ ಬಂದು ನಿಜ ಹೇಳು. ಅದಾಗದಿದ್ದರೆ ಮಾತ್ರೆಯನ್ನೂ ಕಳಿಸಬೇಡ. ಆ ಹೊಗೆಗೆ ಅದು ಸಾಲುವುದಿಲ್ಲ.

ನಿನ್ನ ತಂಗಿ,
ಜಗದಾಂಬಾ