ಅಚ್ಚಿನಲ್ಲಿ ಸತ್ತವಳು

ಶಿಗ್ಗಾಂವ
೧೨ ನವೆಂಬರ್ ೧೯೮೫

ಪ್ರೀತಿಯ ಮಾದೇವಿ,

ಅಕ್ಷರದ ಗುರುತು ಹತ್ತಿದರೆ ಹೆದರಬೇಡ. ನಾನು ನಿನ್ನ ಅನ್ನವ್ವನೇ, ಸತ್ತಿಲ್ಲ. ಶಿಗ್ಗಾಂವದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತ, ಕಾಳಿನ ವ್ಯಾಪಾರದ ಮನೆಯಲ್ಲಿ ರೊಟ್ಟಿ ಬಡಿಯುತ್ತ ಗಟ್ಟಿಯಾಗಿಯೇ ಇದ್ದೇನೆ. ಇಷ್ಟು ವರ್ಷ ಬರೆಯದಿದ್ದುದಕ್ಕೆ ಕ್ಷಮಿಸು. ಮದುವೆಯ ಹೊಸತರಲ್ಲಿ ನಿನ್ನ ಮುಂಬಯಿ ಹಾಸ್ಟೆಲ್ಲಿಗೆ ಬರೆದಿದ್ದೆ, ಉತ್ತರ ಬರಲಿಲ್ಲ. ದೊಡ್ಡ ಊರು ಸೇರಿದವಳಿಗೆ ನಾವೆಲ್ಲಿ ನೆನಪು ಎಂದು ಸಿಟ್ಟು ಮಾಡಿಕೊಂಡು ಸುಮ್ಮನಾದೆ.

ಕಳೆದ ತಿಂಗಳು ಒಂದು ಸಂಶೋಧನಾ ಸಂಸ್ಥೆಯ ಸಂದರ್ಶನಕ್ಕೆ ಹೋಗಿದ್ದೆ. ಮತ್ತೆ ಪ್ರಯೋಗಾಲಯ ಸಿಗುತ್ತದೆ ಎಂಬ ಆಸೆಗೆ ಹೊಸ ಇಳಕಲ್ ಸೀರೆ ಉಟ್ಟಿದ್ದೆ, ನಗಬೇಡ. ಆದರೆ ಅಲ್ಲಿಗೆ ಹೋದವಳು ಸರೋಜಾ ಕುಬೇರಪ್ಪ. ನಮ್ಮ ಅತ್ತೆಯ ಹೆಸರೂ ಅನ್ನವ್ವ. ಅತ್ತೆಯ ಹೆಸರು ಹಿಡಿದು ಸೊಸೆಯನ್ನು ಕೂಗುವುದು ಹೇಗೆ? ಮದುವೆಯ ದಿನವೇ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ 'ಸರೋಜಾ' ಎಂದು ಬರೆದರು. ಅಂದಿನಿಂದ ಈ ಊರಿನಲ್ಲಿ ನನಗೆ ಅದೇ ಹೆಸರು, ಪರಿಚಯದ ಮೇಲೆ ಸಿಕ್ಕ ಕಾಲೇಜಿನ ಕೆಲಸದಲ್ಲೂ ಅದೇ.

ಸಮಿತಿಯ ಹಿರಿಯರೊಬ್ಬರು ದಪ್ಪನೆಯ ಸೈಟೇಶನ್ ಇಂಡೆಕ್ಸ್ ತೆರೆದರು. ಯಾರ ಪ್ರಬಂಧವನ್ನು ಜಗತ್ತಿನಲ್ಲಿ ಯಾರು ಯಾರು ಉಲ್ಲೇಖಿಸಿದ್ದಾರೆ ಎಂದು ತೋರಿಸುವ ಪುಸ್ತಕ. ಸರೋಜಾಳ ಹೆಸರಿನ ಕೆಳಗೆ ಏನೂ ಇಲ್ಲ. ಕಾಲೇಜಿನ ಹಳೇ ಸೂಕ್ಷ್ಮದರ್ಶಕದಲ್ಲಿ ಕಣ್ಣು ಕೆಡಿಸಿಕೊಂಡು ಬರೆದದ್ದನ್ನು ಯಾರೂ ಓದಿಲ್ಲ. ಅನ್ನವ್ವನ ಹೆಸರಿನ ಕೆಳಗೆ ಮಾತ್ರ ಉದ್ದನೆಯ ಸಾಲು. ಧಾರವಾಡದಲ್ಲಿ ನಾವಿಬ್ಬರೂ ಬರೆದೆವಲ್ಲ, ಬಿಸಿ ತಗುಲಿದ ಜೀವಕೋಶ ತನ್ನನ್ನು ಉಳಿಸಿಕೊಳ್ಳಲು ಹೊಸ ಪ್ರೋಟೀನ್ ತಯಾರಿಸುತ್ತದೆ ಎಂದು, ಅದನ್ನು ಜರ್ಮನಿ, ಜಪಾನಿನವರೂ ಉಲ್ಲೇಖಿಸಿದ್ದಾರೆ! ಖುಷಿಯಿಂದ ಆ ಸಾಲಿನ ಮೇಲೆ ಬೆರಳಿಟ್ಟೆ. "ಅದು ನಾನೇ ಸರ್" ಎಂದೆ.

ಅವರು ನಿನ್ನ ಹೊಸ ಲೇಖನವನ್ನು ಮುಂದಿಟ್ಟರು. ಕೊನೆಯಲ್ಲಿ ನೀನು ಕೃತಜ್ಞತೆ ಹೇಳಿದ್ದೀ: 'ದಿವಂಗತ ಗೆಳತಿ ಅನ್ನವ್ವನಿಗೆ'.

"ಸತ್ತವರ ಸಂಶೋಧನೆಯನ್ನು ನಿಮ್ಮದು ಅನ್ನುತ್ತೀರಲ್ಲಮ್ಮ" ಎಂದರು. ಪದವಿ ಪತ್ರ ತೋರಿಸಿದೆ. ಅದು ಅನ್ನವ್ವನದು, ಆಕೆ ನೀವೇ ಎಂದು ಹೇಳುವವರು ಯಾರು ಎಂದು ಕೇಳಿದರು. ನಮ್ಮ ಗೈಡ್ ತೀರಿಕೊಂಡು ವರ್ಷಗಳಾದವು. ಇನ್ನು ಉಳಿದವಳು ನೀನೊಬ್ಬಳೇ, ನೀನೇ ನನ್ನನ್ನು ಸತ್ತವಳೆಂದು ಅಚ್ಚು ಹಾಕಿಸಿದ್ದೆ. ಕೆಲಸ ಬೇರೆಯವರಿಗೆ ಹೋಯಿತು.

ಮನೆಗೆ ಬಂದು ಅತ್ತುಬಿಟ್ಟೆ. ನಮ್ಮ ಮನೆಯವರು ಕೆಟ್ಟವರಲ್ಲ. "ಹೆಸರಿನ್ಯಾಗ ಏನೈತಿ ಬಿಡು, ನೀ ಅದಿಯಲ್ಲ, ಸಾಕು" ಎಂದು ಚಹಾ ಮಾಡಿ ತಂದುಕೊಟ್ಟರು. ಚಹಾ ಕುಡಿದೆ. ಒಳಗಿನ ಉರಿ ಆರಲಿಲ್ಲ.

ಕೆಲಸದ ಮಾತು ಬಿಟ್ಟೆ, ಮಾದೇವಿ. ಆದರೆ ನೀನು ಮುಂದೆ ಏನೇ ಬರೆದರೂ ಆ 'ದಿವಂಗತ' ತೆಗೆದುಬಿಡು. ಸರೋಜಾ ಬೇಡ, ಅನ್ನವ್ವ ಎಂದೇ ಬರಿ. ಅಲ್ಲಾದರೂ ನಾನು ಬದುಕಿರಬೇಕು.

ಮನೆಯಲ್ಲಿ ಹಿರಿಯರಿದ್ದರೆ ನಮಸ್ಕಾರ, ಮಕ್ಕಳಿದ್ದರೆ ನನ್ನ ಆಶೀರ್ವಾದ. ನಿನ್ನ ಕೈಯ ಕೆಲಸ ಬೆಳೆಯಲಿ, ನಿನ್ನ ಹೆಸರು ಯಾರೂ ಅಳಿಸದಿರಲಿ.

ನಿನ್ನ
ಅನ್ನವ್ವ

ತಾ.ಕ.: ನಾನು ಸತ್ತೆನೆಂದು ನಿನಗೆ ಯಾರು ಹೇಳಿದರೆಂದು ಕೇಳಿಲ್ಲ, ಗೊತ್ತಾಗಿದೆ. ಮೊನ್ನೆ ತವರಿಗೆ, ಅಬಲೂರಿಗೆ ಹೋಗಿದ್ದೆ. ನೀನು ಮುಂಬಯಿಯಲ್ಲಿ ನನಗೊಂದು ಫೆಲೋಶಿಪ್ ಗೊತ್ತುಮಾಡಿ, ಕರೆದೊಯ್ಯಲು ನಮ್ಮ ಮನೆಯ ತನಕ ಬಂದಿದ್ದೆಯಂತೆ. ನಮ್ಮಪ್ಪನೇ ಬಾಗಿಲಲ್ಲಿ ನಿಂತು, ಹೆರಿಗೆಯಲ್ಲಿ ಹೋದಳು ಎಂದು ನಿನಗೆ ಹೇಳಿದ. ನನ್ನನ್ನು ಹಟ ಹಿಡಿದು ಓದಿಸಿದ ಅಪ್ಪ. ಯಾಕೆಂದು ಕೇಳಿದರೆ, "ಕೂಸು ಬಿಟ್ಟು ಹೊಂಟಿದ್ರ ನಿನ್ನ ಸಂಸಾರ ಏನಾಗ್ತಿತ್ತು? ಸತ್ತವರನ್ನ ಯಾರೂ ಕರಿಯಾಕ ಬರಂಗಿಲ್ಲವ್ವಾ" ಎಂದ.

ಆ ದಿನ ನಾನು ಆ ಮನೆಯಲ್ಲೇ ಇದ್ದೆ, ಮಾದೇವಿ. ಚೊಚ್ಚಲ ಬಾಣಂತಿ, ಒಳಕೋಣೆಯಲ್ಲಿ ಕೂಸಿನ ಪಕ್ಕ ಮಲಗಿದ್ದೆ. ಪಡಸಾಲೆಯಲ್ಲಿ ಯಾರೋ ಹೆಣ್ಣುಮಗಳು ಬಿಕ್ಕಿಬಿಕ್ಕಿ ಅಳುವುದು ಕೇಳಿಸಿತು. "ಯಾರಬೇ ಅಳಾಕತ್ತಾರ?" ಎಂದು ಅವ್ವನನ್ನು ಕೇಳಿದ್ದೆ.

"ಯಾರೋ ಪಾಪ, ಆಕಿ ಗೆಳತಿ ತೀರ್ಕೊಂಡಾಳಂತ. ನೀ ಮಲ್ಕೋ" ಎಂದಳು.