ಸಂತೆಯ ದಿನ ಬರುವ ಬುರ್ಖಾದವಳು

ಚಿತ್ತಾಪುರ
೯-೧೧-೧೯೫೫

ತಂಗಿ ಚಿ. ಸೌ. ಶರಣಬಸಮ್ಮನಿಗೆ ಅಕ್ಕನ ಆಶೀರ್ವಾದ. ಮಳಖೇಡದಲ್ಲಿ ನೀನು ಹೇಗಿದ್ದೀ ಎಂದು ಆಮೇಲೆ ಕೇಳುತ್ತೇನೆ. ಮೊದಲು ನನ್ನ ಹೊಟ್ಟೆಯುರಿ ಕೇಳು.

ನಮ್ಮ ವಕೀಲಸಾಹೇಬರ ಬಳಿ ಸಂತೆಯ ದಿನ ಬುರ್ಖಾ ತೊಟ್ಟ ಹೆಂಗಸೊಬ್ಬಳು ಬರುತ್ತಾಳೆ. ಗುಮಾಸ್ತನನ್ನು ಹೊರಗೆ ಕಳಿಸಿ ಇವರೇ ಎದ್ದು ಬಾಗಿಲು ಹಾಕುತ್ತಾರೆ. ಕೊಲೆ ಮಾಡಿದವನೇ ನಮ್ಮ ಪಡಸಾಲೆಯಲ್ಲಿ ಕೂತು ಓಣಿಗೆಲ್ಲ ಕೇಳುವಂತೆ ಮಾತಾಡಿ ಹೋಗಿದ್ದಾನೆ. ಇವಳೊಬ್ಬಳಿಗೆ ಬಾಗಿಲೇಕೆ?

ಕೇಳಿದೆ. "ಪಕ್ಷಗಾರರ ಮಾತು ನನ್ನ ಹೊಟ್ಟ್ಯಾಗೇ ಇರ್ತದ. ನೀ ಕೇಳಬ್ಯಾಡ, ನಾ ಹೇಳಂಗಿಲ್ಲ" ಎಂದರು. ಹೆಂಡತಿಗೂ ಹೇಳುವುದಿಲ್ಲವೇ ಎಂದೆ. "ನಿನಗಂತೂ ಇಲ್ಲೇ ಇಲ್ಲ. ನಿನ್ನ ಬಾಯಿ ಅಂದ್ರ ಡಂಗುರ" ಎಂದು ನಕ್ಕುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು.

ಶರಣೂ, ಬಾಗಿಲಿಗೆ ಕಿವಿ ಹಚ್ಚಿದೆ, ಹೌದು. ಅವಳು ಪಿಸುಗುಟ್ಟುತ್ತಿದ್ದಳು, ಅಳುತ್ತಿದ್ದಳು. ಇವರು "ಅಂಜಬ್ಯಾಡವಾ, ನಾ ಇದ್ದೀನಿ" ಎಂದರು. ನಾ ಇದ್ದೀನಿ ಅಂತೆ! ಇಷ್ಟು ವರ್ಷದ ಸಂಸಾರದಲ್ಲಿ ನನಗೊಮ್ಮೆ ಹಾಗೆ ಅಂದಿದ್ದರೆ ಕೇಳು.

ಮುಂದಿನ ಸಂತೆಗೆ, ಮುಖ ನೋಡಿಯೇ ತೀರಬೇಕೆಂದು, ಗ್ಲಾಸಿನಲ್ಲಿ ನೀರು ಹಿಡಿದು ನಾನೇ ಬಾಗಿಲು ತಟ್ಟಿದೆ. ಅವಳು ಗೋಡೆಯ ಕಡೆ ತಿರುಗಿ ಮುಸುಕಿನೊಳಗೇ ಕುಡಿದಳು. ಮುಖ ಕಾಣಲಿಲ್ಲ, ಕುಡಿಯುವ ಮೊದಲು ಮುಸುಕಿನೊಳಗೆ ಕೈ ಆಡಿದ್ದಷ್ಟೇ ಕಂಡಿತು. ಖಾಲಿ ಗ್ಲಾಸು ತೆಗೆದುಕೊಂಡು ಅಡುಗೆಮನೆಗೆ ಬಂದು ತೊಳೆದಿಟ್ಟೆ. ಅಂದಿನಿಂದ ಇವರೊಡನೆ ಜಗಳ ತೆಗೆದಿಲ್ಲ.

ಮೊನ್ನೆ ನಿನ್ನ ಯಜಮಾನರು ಬಸವಂತರಾಯರು ಬಂದಿದ್ದರು. ಎಂದೂ ಬಾರದವರು ಸೀತಾಫಲ ಬೇರೆ ತಂದಿದ್ದರು. "ಅಕ್ಕಾರ, ಸಾಹೇಬರ ಹಂತ್ಯಾಕ ಮಳಖೇಡದ ಹೆಣ್ಣಮಕ್ಕಳು ಯಾರರ ಬರ್ತಾರೇನ್ರಿ?" ಎಂದರು. ಮಾತೆಲ್ಲ ಬೆಲ್ಲ, ಕಣ್ಣು ಮಾತ್ರ ಆ ಬಾಗಿಲ ಕಡೆ. "ಪಕ್ಷಗಾರರ ಮಾತು ನಾವು ಆಡಂಗಿಲ್ರಿ" ಎಂದೆ. ಈ ಡಂಗುರದ ಬಾಯಿಂದಲೇ! ಮುಖ ಸಣ್ಣದು ಮಾಡಿಕೊಂಡು ಎದ್ದು ಹೋದರು. ಸೀತಾಫಲ ಮಾತ್ರ ಇಟ್ಟುಕೊಂಡೆ.

ಅವರು ಕಾಳಗಿಯಲ್ಲಿ ಇನ್ನೊಂದು ಹೆಣ್ಣು ನೋಡಿ ಬಂದಿದ್ದಾರಂತೆ, ಒಪ್ಪಿಕೋ ಎಂದು ನಿನ್ನನ್ನು ಹೊಡೆಯುತ್ತಾರಂತೆ. ಬಳೆಗಾರ್ತಿ ಆಶಾಬಿ ಹೇಳಿದಳು. ಹೆಂಡತಿ ಇರುವಾಗ ಇನ್ನೊಬ್ಬಳನ್ನು ತರುವಂತಿಲ್ಲವೆಂದು ಈ ವರ್ಷ ಹೊಸ ಕಾನೂನು ಬಂದಿದೆ, ತಂಗಿ. ಅದನ್ನು ತಿಳಿಸಲೆಂದೇ ಬರೆಯಲು ಕುಳಿತೆ. ನಿನಗೆ ಆಗಲೇ ಗೊತ್ತಿದ್ದರೂ ಇರಬಹುದು.

ನಿನ್ನವಳೇ ಆದ ಅಕ್ಕ,
ಶಿವಕಾಂತಮ್ಮ

ತಾ. ಕ.: ಇದನ್ನು ಟಪಾಲಿಗೆ ಹಾಕದೆ ಆಶಾಬಿಯ ಬಳೆಯ ಬುಟ್ಟಿಯಲ್ಲಿ ಕಳಿಸುತ್ತಿದ್ದೇನೆ. ಓದಿ ಒಲೆಗೆ ಹಾಕು. ಬುರ್ಖಾ ಕೊಟ್ಟವಳೂ ಅವಳೇ ಇರಬೇಕು, ನಾನು ಕೇಳಿಲ್ಲ. ಇನ್ನು ಮೇಲೆ ಅದನ್ನು ತೊಟ್ಟಾಗ, ನೀರು ಕುಡಿಯುವ ಮೊದಲು ಎದೆಯ ಮೇಲಿನ ಲಿಂಗವನ್ನು ಹಿಡಿದು ಬಲಗಣ್ಣಿಗೆ, ಎಡಗಣ್ಣಿಗೆ, ಮತ್ತೆ ಬಲಗಣ್ಣಿಗೆ ಒತ್ತಿಕೊಳ್ಳಬೇಡ. ಅವ್ವ ಕಲಿಸಿದ್ದು ಬಿಡಲಾಗದಿದ್ದರೆ ಹಿತ್ತಿಲಿನಿಂದ ನನ್ನ ಅಡುಗೆಮನೆಗೆ ಬಂದು ಕುಡಿ. ಏನೂ ಕೇಳುವುದಿಲ್ಲ. ನನಗೆ ಗೊತ್ತಾಗಿದೆಯೆಂದು ವಕೀಲಸಾಹೇಬರಿಗೂ ಹೇಳಬೇಡ. ಅಂಜಬೇಡ, ನಾನೂ ಇದ್ದೇನೆ.